ತಗಡಿನ ಖೋಲಿಯ ಜೋಡಿ ಚೀಲ

ರಾಯಚೂರಿನ ಬಿಸಿಲಿಗೆ ರೆಕ್ಸಿನ್ ಚೀಲ ಒಂದು ಬೇಸಿಗೆಯೂ ತಡೆಯುವುದಿಲ್ಲ. ಮೊದಲು ಹಿಡಿಕೆ ಅಂಟಂಟಾಗುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ, ಕಡೆಗೆ ಸೀರೆಗೆಲ್ಲ ಕಪ್ಪು ಹುಡಿ. ನಾನು ಹೈಸ್ಕೂಲು ಟೀಚರು. ಪುಸ್ತಕ, ಊಟದ ಡಬ್ಬಿ, ನೀರಿನ ಬಾಟ್ಲಿ ಎಲ್ಲ ಹೊರುವ ಚೀಲ ನನಗೆ ಬೇಕು. ಹೋದ ಬೇಸಿಗೆ ರಜೆಯಲ್ಲಿ ಸಿಟ್ಟು ಬಂದು, ನಾನೇ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದೆ. ಎರಡು ಪಕ್ಕಕ್ಕೆ ಕಟ್ಟಿಗೆಯ ಹಲಗೆ, ಸುತ್ತಲೂ ತೊಗಲು. ಮೊಬೈಲಿನಲ್ಲಿ ನೋಡಿದರೆ ಎಲ್ಲರೂ ಬಹಳ ಸಲೀಸಾಗಿ ಮಾಡುತ್ತಿದ್ದರು. ಅವರ ಮನೆಗಳಲ್ಲಿ ನಮ್ಮವ್ವ ಇರಲಿಲ್ಲವಲ್ಲ.

ನಮ್ಮ ಮನೆಯೊಳಗೆ ತೊಗಲು ಬರಬಾರದು ಎಂಬುದು ಅವ್ವನ ಕಾನೂನು. ಅಪ್ಪ ಒಂದು ಕಾಲಕ್ಕೆ ಮಸರಕಲ್‌ನಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಅವ್ವ ಅವನ್ನು ಬುಟ್ಟಿಯಲ್ಲಿ ಹೊತ್ತು ಅವನ ಜೊತೆ ದೇವದುರ್ಗದ ಸಂತೆಗೆ ನಡೆಯುತ್ತಿದ್ದಳು. ಅಲ್ಲಿ ಗಿರಾಕಿಗಳು ಇವರ ಕೈಯಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. "ಕೆಳಗಿಡು" ಎನ್ನುತ್ತಿದ್ದರು. ಅಪ್ಪ ಚಪ್ಪಲಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿದ ಮೇಲೆಯೇ ಅವರು ಮುಂದೆ ಬಂದು ಕಾಲು ತೂರಿಸಿ ನೋಡುವುದು. ಮುಂದೆ ಅಪ್ಪನಿಗೆ ಮಾನ್ವಿಯ ಶಾಲೆಯೊಂದರಲ್ಲಿ ಜವಾನನ ಕೆಲಸ ಸಿಕ್ಕಿತು. ಆ ದಿನ ಅವ್ವ ಬುಟ್ಟಿಯನ್ನು ಒಲೆಗೆ ಹಾಕಿದಳಂತೆ. ನಾನು ಓದಿದ್ದು, ನೌಕರಿ ಹಿಡಿದಿದ್ದು, ಇಲ್ಲಿ ಮನೆ ಕಟ್ಟಿದ್ದು ಎಲ್ಲ ಆ ಬೆಂಕಿಯಿಂದಲೇ ಎಂದು ಅವಳ ನಂಬಿಕೆ. ಅದು ಸುಳ್ಳೆಂದು ನನಗೂ ಅನ್ನಿಸಿಲ್ಲ.

ಆದರೆ ರಿಟೈರಾದ ಅಪ್ಪನನ್ನು ನೋಡಲಾಗುತ್ತಿರಲಿಲ್ಲ. ದಿನವಿಡೀ ಟಿವಿ ಮುಂದೆ ಕೂತು, ರಿಮೋಟಿನ ಹಿಂದಿನ ಮುಚ್ಚಳ ತೆಗೆಯುವುದು, ಹಾಕುವುದು. ಚೀಲ ಬೇಕಿದ್ದದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ಆ ಕೈಗಳು ಮತ್ತೆ ಕೆಲಸ ಮಾಡುವುದನ್ನು ನೋಡುವ ಆಸೆ ನನಗಿತ್ತು. ಅವ್ವನ ಮನಸ್ಸು ನೋಯಿಸದೆ ಅದು ಹೇಗೆ ಆದೀತು ಎಂಬುದು ಮಾತ್ರ ತಿಳಿಯದು.

ಅವ್ವನ ಮೊಣಕಾಲು ಮೆಟ್ಟಿಲು ಹತ್ತಗೊಡುವುದಿಲ್ಲ ಎಂಬ ಧೈರ್ಯದ ಮೇಲೆ ಮಾಳಿಗೆಯ ತಗಡಿನ ಖೋಲಿಯಲ್ಲಿ ಕೆಲಸ ಹೂಡಿದೆ. ಪೇಟೆಯಿಂದ ತೊಗಲು ತಂದೆ, ಹೇಗೂ ಒಮ್ಮೆ ಕೆಡಿಸುತ್ತೇನೆ ಎಂದು ಬೇಕಾದ್ದಕ್ಕಿಂತ ದುಪ್ಪಟ್ಟು. ತೊಗಲು ಕೊಯ್ಯುವ ರಂಪಿಗೆಯನ್ನೂ ಅಲ್ಲೇ ಕೊಂಡೆ. ಮಾನ್ವಿಯ ಬಡಿಗೇರರಲ್ಲಿ ಜಾಲಿ ಕಟ್ಟಿಗೆಯ ಎರಡು ಹಲಗೆ ಕೊಯ್ಸಿಕೊಂಡು ಬಂದೆ. ಆದರೆ ತೊಗಲಿನ ವಾಸನೆಗೆ ಮೊಣಕಾಲು ನೋವಿಲ್ಲವಲ್ಲ, ಅದು ಮೆಟ್ಟಿಲಿಳಿದು ನೇರ ಅಡುಗೆಮನೆಗೆ ಹೋಯಿತು.

"ಮ್ಯಾಲ ಏನ್ ತಂದಿಟ್ಟಿ?" ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಆ ನಾತ ನನ್ನ ಮೈಯಿಂದ ಹೋಗಾಕ ಎಷ್ಟ್ ವರ್ಷ ಬೇಕಾತು, ಗೊತ್ತೇನ್ ನಿನಗ? ಮತ್ತ ಅದನ್ನ ಮನಿಗಿ ತಂದ್ಯಾ?"

ನಾನು ಮೆಟ್ಟಿಲು ಹತ್ತಿದೆ. ನನ್ನ ಸಿಟ್ಟನ್ನೆಲ್ಲ ಮೊಳೆಯ ಮೇಲೆ ಹಾಕಿದೆ. ಹಲಗೆಯ ದುಂಡು ಮೂಲೆಗೆ ತೊಗಲು ಬಗ್ಗಲೊಲ್ಲದು, ಬಗ್ಗಿಸಿದರೆ ಬಿರುಕು. ಬಡಿಯುವ ಸದ್ದು ಕೇಳಿ ಅಪ್ಪ ಬಂದ. ಬಾಗಿಲಲ್ಲೇ ನಿಂತು ನೋಡಿದ. "ನೆನಸಿಲ್ಲೇನು?" ಎಂದ. ಹಲಗೆಯನ್ನು ಎತ್ತಿ ಮೂಸಿ, "ಜಾಲಿ. ಇದರ ತೊಗಟಿ ಹಾಕೇ ತೊಗಲು ಹದ ಮಾಡ್ತಿದ್ವಿ" ಎಂದ. ಆಮೇಲೆ ಬಕೆಟ್ಟಿಗೆ ನೀರು ತುಂಬಿ ತೊಗಲನ್ನು ಮುಳುಗಿಸಿದ. ನಾನು ಕರೆದೂ ಇರಲಿಲ್ಲ.

ಅಂದಿನಿಂದ ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ಏನಿದ್ದರೂ ನನ್ನ ಮೂಲಕ. "ನಿಮ್ಮಪ್ಪಗ ಉಣ್ಣಾಕ ಬಾ ಅನ್ನು." ಎದುರಿಗೇ ಕೂತಿದ್ದರೂ ಹಾಗೆಯೇ. ನಾನು ಎರಡು ಬಾಯಿಗಳ ನಡುವಿನ ಟಪಾಲಿನವಳಾದೆ.

ಮರುದಿನ ಅಪ್ಪ ಕುಕ್ಕರುಗಾಲಿನಲ್ಲಿ ಕೂತು, ಕಾಲ ಹೆಬ್ಬೆರಳಿನಿಂದ ತೊಗಲನ್ನು ಒತ್ತಿ ಹಿಡಿದು ರಂಪಿಗೆ ಎಳೆದ. ನಾನು ಸ್ವಲ್ಪ ಹೊತ್ತು ನೋಡುತ್ತ ನಿಂತೆ. ಆಮೇಲೆ ಚಹಾ ತರಲು ಕೆಳಗೆ ಹೋದೆ. ತಿರುಗಿ ಬಂದು ನೋಡಿದರೆ ಎಲ್ಲವೂ ಎರಡೆರಡು! ಎರಡು ಮೈ, ಎರಡು ಮುಚ್ಚಳ, ಎರಡು ಹಿಡಿಕೆ.

"ಯಪ್ಪಾ, ನನಗ ಒಂದ ಚೀಲ ಸಾಕಾಗಿತ್ತು."

ಅಪ್ಪ ಕೊಯ್ದ ತುಂಡುಗಳನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ. ಜೋಡಿ ಇಲ್ಲದ್ದನ್ನು ಆ ಕೈ ಎಂದೂ ಕೊಯ್ದಿರಲಿಲ್ಲ. "ಒಂಟಿ ಕಾಲಿಗೆ ಯಾರರ ಚಪ್ಲಿ ಮಾಡ್ತಾರೇನು?" ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಾನೂ ನಕ್ಕೆ. ಇನ್ನೆರಡು ಹಲಗೆಗಾಗಿ ಮತ್ತೆ ಮಾನ್ವಿಗೆ ಹೋಗುವಾಗ ಬಸ್ಸಿನಲ್ಲೂ ನಗು ತಡೆಯಲಾಗಲಿಲ್ಲ.

ಹಿತ್ತಾಳೆಯ ಮೊಳೆ ಬಡಿದು, ನೆರಳಿನಲ್ಲಿ ಒಣಗಿಸಿ, ಎಣ್ಣೆ ತಿಕ್ಕಿದೆವು. ಒಂದು ಚೀಲ ನನ್ನದು. ಇನ್ನೊಂದು ಯಾರಿಗೆ ಎಂದು ಅಪ್ಪನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಅದರ ಹಿಡಿಕೆಯನ್ನು ಅವನು ಗಿಡ್ಡ ಮಾಡಿದ್ದ. ಅವ್ವ ನನಗಿಂತ ಗಿಡ್ಡ.

ಆ ಸಂಜೆ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿತು. ಗೋಡೆ ಹಿಡಿದುಕೊಂಡು, ಅಲ್ಲಲ್ಲಿ ನಿಂತು, ಅವ್ವ ಮೇಲೆ ಬಂದಳು. ಏದುಸಿರು ಬಿಡುತ್ತ ಖೋಲಿಯ ಹೊಸ್ತಿಲ ಹೊರಗೆ ನಿಂತಳು. ಬೈಯಲು ಬಂದಿದ್ದಾಳೆ, ಎಲ್ಲ ಎತ್ತಿ ಬೀದಿಗೆ ಎಸೆಯುತ್ತಾಳೆ ಎಂದುಕೊಂಡೆ. ಅಪ್ಪ ಎದ್ದ. ಗಿಡ್ಡ ಹಿಡಿಕೆಯ ಚೀಲವನ್ನು ತಂದು ಅವಳ ಮುಂದೆ ನೆಲದ ಮೇಲಿಟ್ಟು, ಹಿಂದೆ ಸರಿದು ನಿಂತ.

ತಾನೇನು ಮಾಡಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. ನನಗೂ ಒಂದು ಕ್ಷಣ ಹೊಳೆಯಲಿಲ್ಲ. ಅವ್ವನಿಗೆ ಗೊತ್ತಾಯಿತು. ಅವಳು ನೆಲದ ಮೇಲಿನ ಚೀಲ ನೋಡಿದಳು, ದೂರ ನಿಂತ ಗಂಡನನ್ನು ನೋಡಿದಳು.

"ನಿಮ್ಮಪ್ಪಗ ಹೇಳು," ಎಂದಳು ನನ್ನ ಕಡೆ ತಿರುಗದೆ, "ನಾ ಸಂತ್ಯಾಗಿನ ಗಿರಾಕಿ ಅಲ್ಲಂತ ಹೇಳು. ಕೈಯಾಗ ಕೊಡು ಅನ್ನು."

ನಾನು ಹೇಳಬೇಕಾಗಲಿಲ್ಲ. ಅಪ್ಪ ಬಗ್ಗಿ ಚೀಲವನ್ನು ಎತ್ತಿಕೊಂಡ, ಧೋತರದ ಚುಂಗಿನಿಂದ ಅದರ ಧೂಳು ಒರೆಸಿದ, ಎರಡೂ ಕೈಯಿಂದ ಮುಂದೆ ಹಿಡಿದ. ಅವ್ವ ಹೊಸ್ತಿಲು ದಾಟಿ ಬಂದು ಎರಡೂ ಕೈಯಿಂದ ತೆಗೆದುಕೊಂಡಳು.