ನಾನು ಮಾಡಿದ ತೇಗದ ಪೆಟ್ಟಿಗೆ

ಅದು 1986. ಮದುವೆಯಾಗಿ ರಾಜಾಜಿನಗರದ ಮನೆಗೆ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಮಾವ ಕಾರ್ಖಾನೆಯೊಂದರ ಮರಗೆಲಸದ ಸೆಕ್ಷನ್‌ನಲ್ಲಿ ಮೂವತ್ತು ವರ್ಷ ದುಡಿದು ಆಗಷ್ಟೇ ರಿಟೈರಾಗಿದ್ದರು. ಅವರ ಕೈಕೆಲಸಕ್ಕೆ ನೆಂಟರಿಷ್ಟರಲ್ಲೆಲ್ಲ ಹೆಸರಿತ್ತು.

ನಾದಿನಿ ಶೋಭಾಳ ಮದುವೆ ಗೊತ್ತಾದಾಗ ಮಾವ, "ಒಡವೆ ಇಟ್ಕೊಳ್ಳೋಕೆ ಅವಳಿಗೊಂದು ತೇಗದ ಪೆಟ್ಟಿಗೆ ಮಾಡಿಕೊಡ್ತೀನಿ, ಒಂದು ಮೊಳೆಯೂ ಹೊಡೀದೆ" ಎಂದು ಎಲ್ಲರೆದುರು ಹೇಳಿಬಿಟ್ಟರು. ಹಿತ್ತಲಿನ ಶೀಟಿನ ಕೆಳಗೆ ಕೆಲಸ ಶುರುವಾಯಿತು. ಮೂರನೆಯ ದಿನ ಕಾಫಿ ಕೊಡಲು ಹೋದಾಗ ನೋಡಿದೆ. ಗರಗಸ ಹಿಡಿದ ಅವರ ಬಲಗೈ ನಡುಗುತ್ತಿತ್ತು. ಪೆನ್ಸಿಲ್ ಗೆರೆ ಒಂದು ಕಡೆ, ಕೊಯ್ದದ್ದು ಇನ್ನೊಂದು ಕಡೆ. ನನ್ನನ್ನು ಕಂಡು ಹಲಗೆಯನ್ನು ಹಿಂದಕ್ಕೆ ಸರಿಸಿದರು.

"ಯಾರಿಗೂ ಹೇಳಬೇಡ ಕಣಮ್ಮ," ಅಂದರು. ಆಮೇಲೆ ಗರಗಸವನ್ನು ನನ್ನ ಕಡೆ ಚಾಚಿ, "ನೀನು ಕೊಯ್ತೀಯಾ? ನಾನು ಹೇಳಿಕೊಡ್ತೀನಿ," ಎಂದರು.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ನನ್ನ ಪಾಠ. ಪಾರಿವಾಳದ ಬಾಲದ ಹಾಗೆ ತುದಿ ಅಗಲವಾದ ಹಲ್ಲುಗಳನ್ನು ಒಂದು ಹಲಗೆಯಲ್ಲಿ ಕೊಯ್ಯಬೇಕು, ಅವು ಬಿಗಿಯಾಗಿ ಕೂರುವಂಥ ಕಚ್ಚುಗಳನ್ನು ಇನ್ನೊಂದರಲ್ಲಿ ಉಳಿಯಿಂದ ತೆಗೆಯಬೇಕು. "ಗೆರೆ ಉಳಿಸಿ ಕೊಯ್ಯಮ್ಮ. ಗೆರೆ ತಿಂದ್ರೆ ಸಡಿಲ ಆಗುತ್ತೆ," ಎನ್ನುತ್ತಿದ್ದರು. ಮೊದಲ ಎರಡು ಹಲಗೆ ಹಾಳಾದವು. ಒಂದು ದಿನ ಉಳಿ ಬೆರಳಿಗೆ ತಾಗಿತು, ಅತ್ತೆಗೆ ಈಳಿಗೆಮಣೆ ಎಂದು ಸುಳ್ಳು ಹೇಳಿದೆ.

ಇಪ್ಪತ್ತು ದಿನವಾದ ಮೇಲೆ ನಾಲ್ಕು ಮೂಲೆಗಳೂ ಸಂದಿಯಿಲ್ಲದೆ ಕೂತವು. ಮಾವ ಮೂಲೆಯ ಮೇಲೆ ಉಗುರು ಆಡಿಸಿ ನೋಡಿ, "ನಮ್ಮ ಸೆಕ್ಷನ್ನಲ್ಲಿ ಇಂಥ ಕೈ ನಾಲ್ಕು ಜನಕ್ಕಿರಲಿಲ್ಲ," ಎಂದರು. ಪಿಯುಸಿ ಫೇಲಾದವಳು ಎಂದಷ್ಟೇ ಎಲ್ಲರ ಬಾಯಲ್ಲೂ ಕೇಳಿದ್ದ ನನಗೆ ಕಣ್ಣು ತುಂಬಿ ಬಂತು. "ಮಾಡಿದ್ದು ನನ್ನ ಸೊಸೆ ಅಂತ ಎಲ್ಲರೆದುರು ನಾನೇ ಹೇಳ್ತೀನಿ," ಎಂದೂ ಅಂದರು. ನಾನೇನೂ ಕೇಳಿರಲಿಲ್ಲ.

ನಿಶ್ಚಿತಾರ್ಥದ ದಿನ ಪೆಟ್ಟಿಗೆ ಬೀಗರ ಕೈಯಿಂದ ಕೈಗೆ ಹೋಯಿತು. "ಈ ವಯಸ್ಸಲ್ಲೂ ಎಂಥ ಕೈ ಸಾರ್ ನಿಮ್ದು," ಎಂದರು ಹುಡುಗನ ತಂದೆ. ಕಾಫಿ ತಟ್ಟೆ ಹಿಡಿದು ನಿಂತಿದ್ದ ನಾನು ಮಾವನ ಮುಖ ನೋಡಿದೆ. ಅವರು ಬಲಗೈಯನ್ನು ಶಲ್ಯದೊಳಗೆ ಸೇರಿಸಿಕೊಂಡು, "ಮೂವತ್ತು ವರ್ಷದ ಅಭ್ಯಾಸ ನೋಡಿ," ಎಂದರು.

ಹುಡುಗನ ತಾಯಿ ನನ್ನ ಕಡೆ ನೋಡಿ ಮಾವನನ್ನು, "ನಿಮ್ಮ ಸೊಸೆ ಏನು ಮಾಡ್ಕೊಂಡಿದಾರೆ?" ಎಂದು ಕೇಳಿದರು.

"ಮನೇಲೇ ಇದಾಳೆ. ಅಡುಗೆ ಪರವಾಗಿಲ್ಲ," ಎಂದರು ಮಾವ.

ಬೀಗರು ಹೊರಟ ಮೇಲೆ ನಮ್ಮ ಮನೆಯವರಿಗೆ ನಿಜ ಹೇಳಿದೆ. ಅವರು ನಕ್ಕುಬಿಟ್ಟರು. "ಯಾರಾದ್ರೂ ನಂಬೋ ಮಾತೇನೇ ಇದು?" ಎಂದರು. ಅವರೂ ನಂಬಲಿಲ್ಲ.

ಮುಂದಿನ ವಾರ ಮಾವ ಅಡುಗೆಮನೆ ಬಾಗಿಲಿಗೆ ಬಂದು, "ಹಲಗೆ ಉಳಿದಿದೆ ಕಣಮ್ಮ. ನಿನಗೇ ಒಂದು ಮಾಡ್ಕೊಳ್ತೀಯಾ?" ಎಂದು ಕೇಳಿದರು.

"ನನಗೆ ಕೆಲಸ ಇದೆ ಮಾವ," ಎಂದೆ. ಅವರು ಹಿತ್ತಲಿಗೆ ಹೋದರು. ಮತ್ತೆ ಕರೆಯಲಿಲ್ಲ. ನಾನೂ ಉಳಿ ಮುಟ್ಟಲಿಲ್ಲ.

ಎರಡು ವರ್ಷದಲ್ಲಿ ಅವರ ಎರಡೂ ಕೈ ಸೋತವು. ಊಟ ನಾನೇ ಮಾಡಿಸಬೇಕಾಗಿತ್ತು. ಆ ಹೆಸರೊಂದನ್ನು ಬಿಟ್ಟರೆ ಅವರ ಬಳಿ ಬೇರೇನೂ ಉಳಿದಿರಲಿಲ್ಲ ಎಂದು ಈಗ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಕ್ಷಮಿಸಿದ್ದೇನೆ ಎಂದರೆ ಸುಳ್ಳಾಗುತ್ತದೆ. ತುತ್ತು ಕೊಡುವಾಗ ಒಂದೆರಡು ಸಲ ಅವರು ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದಿದ್ದರು. ನಾನು ಇನ್ನೊಂದು ತುತ್ತು ಇಟ್ಟುಬಿಟ್ಟೆ.