ಬೆನ್ನಿನ ರೀಲು

ಈ ರೀಲಿನ ಸಂಗತಿ ನಡೆದಾಗ ನನಗೆ ಅರವತ್ತೆರಡು. ಅದಾಗಿ ಇಪ್ಪತ್ತು ವರ್ಷ ಕಳೆಯಿತು. ಮೊಣಕಾಲು ಹೋಯಿತು, ಹಲ್ಲು ಹೋದವು, ಸಿಟ್ಟು ಮಾತ್ರ ಹೋಗಲಿಲ್ಲ.

ನಮ್ಮದು ಬೈಲಹೊಂಗಲದ ಹತ್ತಿ ವ್ಯಾಪಾರದ ಮನೆ. ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಪ್ರಾಯದಲ್ಲಿ ಮುಂಬಯಿಗೆ ಹತ್ತಿ ಕಳಿಸುತ್ತಿದ್ದಾಗ ಅಲ್ಲಿಂದ ಸಿನಿಮಾ ತೆಗೆಯುವ ಸಣ್ಣ ಕ್ಯಾಮೆರಾ ತಂದಿದ್ದರು. ಕೀಲಿ ತಿರುವಿದರೆ ಗರಗರ ಅನ್ನುತ್ತಿತ್ತು. ಅದರಲ್ಲಿ ಏನು ತೆಗೆದರು? ಎತ್ತು ತೆಗೆದರು. ಎತ್ತನ್ನು ಮುಂದಿನಿಂದ ತೆಗೆದರು, ಹಿಂದಿನಿಂದ ತೆಗೆದರು, ನೀರು ಕುಡಿಯುವಾಗ ತೆಗೆದರು. ಹತ್ತಿ ತುಂಬಿದ ಅಂಡಿಗೆ ತೆಗೆದರು. ಯರಗಟ್ಟಿಯಿಂದ ಬಂದ ಬೀಗರ ಜೀಪು ತೆಗೆದರು. ನಾವು ಹೆಂಗಸರು ಅಡ್ಡ ಬಂದರೆ ಕೈಯಿಂದ ನೊಣ ಓಡಿಸಿದ ಹಾಗೆ ಮಾಡುತ್ತಿದ್ದರು.

ಹಾಗೆ ಮಾಡುವ ಅಗತ್ಯವೂ ಇರಲಿಲ್ಲ. ತಮ್ಮನ ಹೆಂಡತಿ ಭಾವನ ಎದುರು ನಿಲ್ಲಬಾರದು, ನೇರ ಮಾತಾಡಬಾರದು ಅನ್ನುವುದು ನಮ್ಮ ಮನೆಯ ರಿವಾಜು. ಅವರು ಬಂದರೆ ಸೆರಗು ಹಣೆಯ ತನಕ ಎಳೆದುಕೊಂಡು, ಬೆನ್ನು ತಿರುಗಿಸಿ ಗೋಡೆ ಕಡೆ ಸರಿಯಬೇಕು. ಏನಾದರೂ ಹೇಳುವುದಿದ್ದರೆ ಕಂಬಕ್ಕೋ ಕೂಸಿಗೋ ಹೇಳಿದ ಹಾಗೆ ಹೇಳಬೇಕು. ಕ್ಯಾಮೆರಾ ಯಾವಾಗಲೂ ಭಾವನ ಕೈಯಲ್ಲೇ. ಹಾಗಾಗಿ ಕ್ಯಾಮೆರಾ ಬಂದರೆ ನಾವು ಗೋಡೆ ಕಡೆ. ರೀಲು ತೋರಿಸುವಾಗಲೂ ಅಷ್ಟೇ. ಪಡಸಾಲೆಯಲ್ಲಿ ಪರದೆಯಾಗಿ ಧೋತರ ಕಟ್ಟುತ್ತಿದ್ದರು. ಗಂಡಸರು ಮುಂದೆ, ನಾವು ಧೋತರದ ಹಿಂದೆ. ಎತ್ತು ಅವರಿಗೆ ಎಡಕ್ಕೆ ಹೋದರೆ ನಮಗೆ ಬಲಕ್ಕೆ ಹೋಗುತ್ತಿತ್ತು.

ನನ್ನ ಮೊದಲ ಮಗಳು ಎರಡು ವರ್ಷ ತುಂಬುವ ಮೊದಲೇ ದಡಾರದಿಂದ ಹೋದಳು. ಸಣ್ಣ ಕೂಸಿನ ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅತ್ತೆ ಸ್ಟುಡಿಯೋಕ್ಕೆ ಬಿಟ್ಟಿರಲಿಲ್ಲ. ಫೋಟೋ ತೆಗೆಸದೆ ಎಷ್ಟು ಆಯುಷ್ಯ ಉಳಿಯಿತು ಅಂತ ಆಮೇಲೆ ನಾನು ಅತ್ತೆಯನ್ನು ಕೇಳಿದೆ. ರೀಲಿನಲ್ಲಿ ಎಲ್ಲಾದರೂ ಕೂಸಿನ ಮುಖ ಬಂದಿದೆಯೇ ನೋಡಿ ಅಂತ ಗಂಡನ ಕೈಯಲ್ಲಿ ಭಾವನಿಗೆ ಹೇಳಿ ಕಳಿಸಿದೆ. ಅದರಲ್ಲಿ ಏನೂ ಇಲ್ಲ, ಬರೀ ಬೆನ್ನುಗಳಿವೆ ಅಂತ ಹೇಳಿ ಕಳಿಸಿದರು. ಅಲ್ಲಿಗೆ ಮುಗಿಯಿತು. ಆಮೇಲೆ ರೀಲು ತೋರಿಸುವ ಮಷೀನು ಸುಟ್ಟುಹೋಯಿತು, ರೀಲು ಟ್ರಂಕು ಸೇರಿದವು. ಮಗಳ ಮುಖ ನನಗೇ ಮರೆಯುತ್ತ ಬಂತು.

ಭಾವನಿಗೆ ಎಂಬತ್ತು ತುಂಬುವ ವರ್ಷ ಅವರ ಮಗನಿಗೆ ಹುಕಿ ಬಂತು. ಅವನು ಸವದತ್ತಿಯ ಕಾಲೇಜಿನಲ್ಲಿ ವಿಜ್ಞಾನದ ಮಾಸ್ತರ. ರೀಲುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಸಿಡಿ ಮಾಡಿ, ಅಪ್ಪನ ಎಂಬತ್ತಕ್ಕೆ ಬಂದವರಿಗೆಲ್ಲ ತೋರಿಸಬೇಕು ಅಂದ. ಬೆಳಗಾವಿಯಲ್ಲಿ ಕೇಳಿದರೆ ಮುಂಬಯಿಗೆ ಕಳಿಸಿ ಅಂದರಂತೆ. ಪಾರ್ಸೆಲ್ಲಿನಲ್ಲಿ ಕಳೆದುಹೋದಾವು ಅಂತ ಹೆದರಿ ಮಷೀನು ತಾನೇ ಮಾಡುತ್ತೇನೆ ಅಂದ.

ಮಾಡಿದ, ನನ್ನ ಹೊಲಿಗೆ ಮಷೀನಿನ ಮೇಲೆ. ನನ್ನನ್ನು ಕೇಳಲೂ ಇಲ್ಲ. ನಾನು ಸಂಗೊಳ್ಳಿಗೆ ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಮಷೀನಿನ ತಲೆ ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿದ್ದ. ತಲೆ ಕೂರುವ ಜಾಗದಲ್ಲಿ ಮೇಜಿಗೆ ತೂತು ಇರುತ್ತದಲ್ಲ, ಅದರ ಕೆಳಗೆ ಬಲ್ಬು, ಮೇಲೆ ತುಪ್ಪದ ಡಬ್ಬಿಯ ಬಿಳಿ ಮುಚ್ಚಳ. ಮುಚ್ಚಳದ ಮೇಲೆ ರೀಲು ಹಾಯಬೇಕು, ಮೇಲಿನಿಂದ ಅವನ ಹೊಸ ಕ್ಯಾಮೆರಾ ಒಂದೊಂದೇ ಚಿತ್ರದ ಫೋಟೋ ಹೊಡೆಯಬೇಕು, ಆಮೇಲೆ ಕಂಪ್ಯೂಟರು ಅವನ್ನು ಜೋಡಿಸಿ ಓಡಿಸುತ್ತದೆ. ಎರಡೂ ಕಡೆ ರೀಲು ಜಾರಲು ನನ್ನ ದಾರದ ಖಾಲಿ ಉರುಳೆಗಳು. ಬಯ್ದೆ. ಮೇಜು ಗಟ್ಟಿ ಇದೆ ಚಿಗವ್ವ ಅಂತ ಹಲ್ಲು ಕಿರಿದ.

ಮೊದಲು ಹಾಕಿದ ಬಲ್ಬಿನ ಶಾಖಕ್ಕೆ ರೀಲು ಹಪ್ಪಳದಂತೆ ಮುರುಟಿತು. ಬಲ್ಬು ತೆಗೆಸಿ, ಬಿಸಿಯಾಗದ ಸಣ್ಣ ಟ್ಯೂಬಿನ ಲೈಟು ಹಾಕಿಸಿದೆ. ಆಮೇಲೆ ಚಿತ್ರ ನಿಂತಲ್ಲಿ ನಿಲ್ಲಲಿಲ್ಲ. ಕಂಪ್ಯೂಟರಿನಲ್ಲಿ ಎತ್ತುಗಳು ಕಪ್ಪೆಯ ಹಾಗೆ ಕುಪ್ಪಳಿಸಿದವು. ಒಂದು ಚಿತ್ರಕ್ಕೆ ಅಂಚಿನಲ್ಲಿ ಒಂದು ತೂತು ಇತ್ತು. ಮಷೀನಿನ ಸೂಜಿ ಮುರಿದು ಕಟ್ಟಿಗೆಯಲ್ಲಿ ನೆಟ್ಟು, ಪ್ರತಿ ತೂತನ್ನೂ ಆ ಸೂಜಿಗೆ ಸಿಕ್ಕಿಸಿ ನಿಲ್ಲಿಸಿದೆವು. ಎತ್ತು ನೆಟ್ಟಗೆ ನಡೆಯಿತು. ಆದರೆ ಮಾಸ್ತರನ ಕೈ ದಪ್ಪ, ತೂತು ಹರಿಯತೊಡಗಿದವು. ಎಳೆಯುವ ಕೆಲಸ ನನಗೇ ಬಂತು. ನಾನು ಒಂದು ತೂತು ಎಳೆಯುವುದು, ಅವನು ಬಟನ್ ಒತ್ತುವುದು. ಕಿಟಕಿಗೆ ಕಂಬಳಿ ಹೊದಿಸಿದ ಕೋಣೆ, ಸೆಕೆ, ನಡುನಡುವೆ ಕರೆಂಟು ಹೋಗುವುದು. ದಿನಗಟ್ಟಲೆ ಕುಂತು ಎತ್ತು ಎಳೆದೆ, ಜೀಪು ಎಳೆದೆ, ಬೀಗರ ಮೀಸೆ ಎಳೆದೆ.

ಕೊನೆಗೆ ಒಂದು ರೀಲು ಉಳಿಯಿತು. ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ. ಮಾಸ್ತರ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟ.

“ಚಿಗವ್ವ, ಇದನ್ನ ಬಿಟ್ಟಬಿಡೂಣು. ಇದ್ರಾಗ ಬರೇ ಹೆಣಮಕ್ಕಳ ಬೆನ್ನದಾವ.”

ಪಡಸಾಲೆಯಲ್ಲಿ ಕುಂತಿದ್ದ ಭಾವನಿಗೆ ಕೇಳಿಸಿತು. ಅದು ಖರಾಬ್ ರೀಲು, ತೆಗೆದು ಇಡು ಅಂತ ಅಲ್ಲಿಂದಲೇ ಮಗನಿಗೆ ಹೇಳಿದರು.

ನನಗೆ ನೆತ್ತಿಗೇರಿತು. “ಇಷ್ಟ ದಿನಾ ನಿಮ್ಮಪ್ಪನ ಎತ್ತಿನ ಬಾಲಾ ಎಳದೇನಿ,” ಅಂದೆ. “ಈಗ ನನ್ನ ಬೆನ್ನ ನಾನ ಎಳಕೋತೇನಿ. ನೀ ಬಟನ್ ಒತ್ತು.”

ಒತ್ತಿದ. ಕಂಪ್ಯೂಟರಿನಲ್ಲಿ ಹಿತ್ತಲು ಮೂಡಿತು. ಹೊಸದಾಗಿ ತಂದ ಎತ್ತನ್ನು ನೀರು ಕುಡಿಸುವ ಬಾನಿಯ ಹತ್ತಿರ ಹೊಡೆದುಕೊಂಡು ಬರುತ್ತಿದ್ದಾರೆ. ಗೋಡೆಯ ಹತ್ತಿರ ಮೂರು ಹೆಂಗಸರು, ಕ್ಯಾಮೆರಾ ಕಂಡು ತಿರುಗಿದವರು. ನಡುವಿನ ಬೆನ್ನು ನನ್ನದು. ತವರಿನಿಂದ ಉಟ್ಟು ಬಂದ ಇಳಕಲ್ ಸೀರೆಯ ಸೆರಗು ನನಗೆ ಗುರುತು ಸಿಗದೆ ಇರುತ್ತದೆಯೇ? ಇನ್ನೊಂದು ತೂತು ಎಳೆದೆ. ಆ ಬೆನ್ನಿನ ಹೆಗಲ ಮೇಲೆ ಒಂದು ಮುಖ.

ನಾನು ಬೆನ್ನು ತಿರುಗಿಸಿದ್ದೆ. ಹೆಗಲ ಮೇಲಿದ್ದ ಕೂಸು ಹಿಂದಕ್ಕೆ ನೋಡುತ್ತಿತ್ತು. ನೆಟ್ಟಗೆ ಕ್ಯಾಮೆರಾ ನೋಡುತ್ತಿತ್ತು. ಬಾಯಲ್ಲಿ ಮುಷ್ಟಿ, ಹಣೆಯ ಮೇಲೆ ಕಾಡಿಗೆಯ ದೃಷ್ಟಿಬೊಟ್ಟು. ಹತ್ತಾರು ತೂತು ಮುಂದೆ ಎಳೆದಾಗ ಮುಷ್ಟಿ ತೆಗೆದು ನಗುತ್ತಿತ್ತು. ಅದರ ಮುಂದಿನ ಚಿತ್ರದಲ್ಲಿ ಎತ್ತಿನ ಕೊಂಬು ಅಡ್ಡ ಬಂತು.

ಮಾಸ್ತರ ಇದು ಯಾರು ಅಂದ. ನಿನ್ನ ಅಕ್ಕ ಅಂದೆ. ಅವನಿಗೆ ಅಂಥ ಅಕ್ಕ ಒಬ್ಬಳಿದ್ದಳು ಅನ್ನುವುದೇ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಅವನು ಬಂದು ನನ್ನ ಕೈ ಹಿಡಿಯಲು ನೋಡಿದ. ನಾನು ಅಳಲಿಲ್ಲ, ಅಳು ಬರಲೂ ಇಲ್ಲ. ಬಂದದ್ದು ಬೇರೆ. ನಲವತ್ತು ವರ್ಷ ಆ ಮುಖ ಇದೇ ಮನೆಯ ಟ್ರಂಕಿನಲ್ಲಿತ್ತು. ನಾನು ಆ ಟ್ರಂಕಿನ ಮೇಲೆ ಹಾಸಿಗೆ ಮಡಚಿ ಇಡುತ್ತಿದ್ದೆ. ಧೋತರದ ಹಿಂದೆ ಕುಂತವರಿಗೆ ಚಿತ್ರ ಸರಕ್ಕನೆ ಹೋಗಿರಬಹುದು, ನಮ್ಮದು ಬಿಡಿ. ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ನಿಂತಿದ್ದವರಿಗೆ ಏನಾಗಿತ್ತು? ಕೂಸು ಅವರನ್ನೇ ನೋಡಿ ನಕ್ಕಿತ್ತು. ಅವರನ್ನು ನೋಡಬಾರದು ಅನ್ನುವ ರಿವಾಜು ನನಗಿತ್ತು, ಕೂಸಿಗೆ ಇರಲಿಲ್ಲ. ನಮ್ಮ ಕಡೆ ನೋಡಬಾರದು ಅನ್ನುವ ರಿವಾಜು ಅವರಿಗೆ ಯಾರು ಹಾಕಿದ್ದರು? ಸಂಜೆ ಅಡುಗೆ ನಾನು ಮಾಡಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮರುದಿನ ಮುಂಜಾನೆ ಎದ್ದು ಚಹಾ ಮಾಡಿದೆ. ಸೆರಗನ್ನು ತಲೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದೆ. ಕಪ್ಪು ಹಿಡಿದು ಪಡಸಾಲೆಗೆ ಹೋಗಿ ಭಾವನ ಎದುರು ನಿಂತೆ. ಒಳಗೆ ಬನ್ನಿ ಅಂದೆ. ಕಂಬಕ್ಕೆ ಹೇಳಲಿಲ್ಲ, ಅವರಿಗೇ ಹೇಳಿದೆ. ಅವರು ಗಾಬರಿಯಾಗಿ ಎದ್ದು ಬಂದರು. ಕಂಪ್ಯೂಟರಿನ ಮುಂದೆ ಕೂರಿಸಿ, ಚಹಾ ಅವರ ಮುಂದಿಟ್ಟು, ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಂತೆ. ಮಾಸ್ತರ ಆ ಚಿತ್ರ ಹಚ್ಚಿ ಹೊರಗೆ ಹೋದ.

“ಭಾವಾರ, ನಾ ಬೆನ್ನ ತಿರಿಗಿಸಿ ನಿಂತಿದ್ದೆ. ನೀವು ಎದುರಿಗೆ ನೋಡಾಕತ್ತಿದ್ರಿ. ಏನೂ ಇಲ್ಲಂತ ಹೆಂಗ ಅಂದ್ರಿ?”

ಅವರು ಕನ್ನಡಕ ಒರೆಸಿ ಹಾಕಿಕೊಂಡರು. ಮುಖ ಕಂಪ್ಯೂಟರಿನ ಹತ್ತಿರ ಒಯ್ದು ನೋಡಿದರು.

“ನನ್ನ ಲಕ್ಷ್ಯ ಎತ್ತಿನ ಕಡೆ ಇತ್ತವಾ,” ಅಂದರು.

ಚಹಾ ಆರಿಹೋಯಿತು. ನಾನು ಅದನ್ನು ಮತ್ತೆ ಕಾಸಿ ಕೊಡಲಿಲ್ಲ.