ಪೊರ್ಬುಲು ಕಲಿಸಿದ ಕಿಕ್ಕು

ಮೊನ್ನೆ ತೊಕ್ಕೊಟ್ಟಿನ ನನ್ನ ಮೀನುಬಲೆ ಅಂಗಡಿಯೊಳಗೆ ಪೆಟ್ರೋಲಿನ ವಾಸನೆ ನುಗ್ಗಿತು. ಹೊರಗೆ ನೋಡಿದರೆ ಯಾರೋ ಒಬ್ಬರು ಹಳೇ ಬುಲೆಟ್ಟಿಗೆ ಬೆವರಿಳಿಸಿಕೊಂಡು ಕಿಕ್ಕು ಹೊಡೆಯುತ್ತಿದ್ದರು. ಸುತ್ತ ನಿಂತವರೆಲ್ಲ ಮೆಕ್ಯಾನಿಕ್‌ಗಳೇ. ಒಬ್ಬ ಪ್ಲಗ್ ಎಂದ, ಇನ್ನೊಬ್ಬ ಕಾರ್ಬೊರೇಟರ್ ಎಂದ. ನನಗೆ ಮಾತ್ರ ಆ ವಾಸನೆಗೆ ಕುಲಶೇಖರದ ನಮ್ಮ ಓಣಿ ನೆನಪಾಯಿತು, ಪಕ್ಕದ ಮನೆಯ ಪೊರ್ಬುಲು ನೆನಪಾದರು...

ನಮ್ಮದು ಬೋಳಾರದ ಮೀನುಗಾರರ ಮನೆತನ. ಅಪ್ಪ ಬೋಟು ಬಿಟ್ಟು ಮೀನು ವ್ಯಾಪಾರಕ್ಕೆ ಇಳಿದ ಮೇಲೆ ಕುಲಶೇಖರಕ್ಕೆ ಬಂದಿದ್ದೆವು. ಪಕ್ಕದ ಮನೆಯವರು ಗಲ್ಫಿನಲ್ಲಿ ದುಡಿದು ಬಂದ ಕೊಂಕಣಿ ಕ್ರಿಶ್ಚಿಯನ್ನರು. ಅಂಥ ಯಜಮಾನರನ್ನು ತುಳುವಿನಲ್ಲಿ ಪೊರ್ಬುಲು ಅನ್ನುವುದು ರೂಢಿ. ಅವರ ಹೆಂಡತಿ ನಮಗೆಲ್ಲ ಬಾಯಮ್ಮ.

ಮದುವೆಯಾಗಿ ವರ್ಷ ತುಂಬುವ ಮೊದಲೇ ನಾನು ಗಂಡನ ಮನೆ ಬಿಟ್ಟು ಬಂದಿದ್ದೆ. ಓಣಿಯಲ್ಲಿ ಎದುರಾದವರದ್ದೆಲ್ಲ ಒಂದೇ ಪ್ರಶ್ನೆ, "ಎಂತ, ಗಂಡ ಬರ್ಲಿಲ್ವಾ?" ಹೇಳಿ ಹೇಳಿ ಸಾಕಾಗಿ ಅಂಗಳ ದಾಟುವುದನ್ನೇ ಬಿಟ್ಟೆ. ಸೋದರಮಾವ ಇದೇ ಬಲೆ ಅಂಗಡಿಗೆ ಕೆಲಸಕ್ಕೆ ಕರೆದಿದ್ದರು. ಬಸ್ ಸ್ಟಾಪಿನವರೆಗೆ ಆ ಪ್ರಶ್ನೆಗಳ ನಡುವೆ ನಡೆಯಬೇಕಲ್ಲ ಎಂದು ಹೋಗಲಿಲ್ಲ. ಅಮ್ಮ ಗದರಿದಳು, ಅತ್ತಳು... ನಾನು ಒಳಗೇ ಇದ್ದೆ.

ಒಂದು ಭಾನುವಾರ ಬೆಳಿಗ್ಗೆ ಪೊರ್ಬುಲು ನಮ್ಮ ಗೇಟಿನ ಹತ್ತಿರ ನಿಂತು ಕೂಗಿದರು. "ಮಗಾ, ನನ್ನ ಮೊಣಕಾಲು ಹೋಯ್ತು. ಬಾಯಮ್ಮನನ್ನು ಇಗರ್ಜಿಗೆ ಕರಕೊಂಡು ಹೋಗ್ಬೇಕು. ಈ ಬುಲೆಟ್ಟಿಗೆ ಒಂದು ಕಿಕ್ಕು ಹೊಡಿತೀಯಾ?"

ಈ ಮನುಷ್ಯನಿಗೆ ಓಣಿಯಲ್ಲಿ ಗಂಡಸರೇ ಸಿಗಲಿಲ್ಲವೇ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೋಗಿ, ಮೈಯ ಬಲವನ್ನೆಲ್ಲ ಹಾಕಿ ತುಳಿದೆ. ಕಿಕ್ಕರ್ ತಿರುಗಿ ಬಂದು ಕಾಲಿಗೆ ಬಡಿದಾಗ ಜೀವ ಹೋದ ಹಾಗಾಯಿತು. ಅವರು ನಗಲಿಲ್ಲ. ಹ್ಯಾಂಡಲಿನ ಸಣ್ಣ ಲಿವರ್ ಒತ್ತಿ ಹಿಡಿದು ಕಿಕ್ಕರನ್ನು ಮೆಲ್ಲಗೆ ಕೆಳಗೆ ಒತ್ತುವುದು, ಹೆಡ್‌ಲೈಟಿನ ಮೇಲಿನ ಮೀಟರಿನ ಮುಳ್ಳು ನಡುವಿಗೆ ಬಂದಾಗ ಲಿವರ್ ಬಿಡುವುದು, ಆಮೇಲೆ ತುಳಿಯುವುದು ಎಂದು ತೋರಿಸಿಕೊಟ್ಟರು. "ಸಿಟ್ಟು ಮಾಡಿದ್ರೆ ಇವಳು ಕೇಳುವವಳಲ್ಲ ಮಾರಾಯ್ತಿ. ಮುಳ್ಳು ನಡುವಿಗೆ ಬರ್ಲಿ. ನಿನಗೆ ಎಂತ ಅರ್ಜೆಂಟು ಉಂಟು?"

ಹಾಗೆಯೇ ಮಾಡಿದೆ. ಓಣಿಯೆಲ್ಲ ಗುಡುಗಿತು. ಎಷ್ಟೋ ಕಾಲದ ಮೇಲೆ ನಾನು ಬಾಯಿತುಂಬ ನಕ್ಕೆ.

ಆಮೇಲೆ ಪ್ರತಿ ಭಾನುವಾರ ಅದೇ ಕೆಲಸ. ಇಂಜಿನ್ ಬಿಸಿಯಾಗಲಿ ಎಂದು ನನ್ನನ್ನು ಬೈಕಿನ ಮೇಲೆ ಕೂರಿಸಿ ಅವರು ಬಾಯಮ್ಮನನ್ನು ಕರೆಯಲು ಒಳಗೆ ಹೋದರೆ ಬೇಗ ಬರುತ್ತಲೇ ಇರಲಿಲ್ಲ. ನಾನು ನಡುರಸ್ತೆಯಲ್ಲಿ ಆಕ್ಸಿಲರೇಟರ್ ಹಿಡಿದುಕೊಂಡು, ಎಲ್ಲರ ಕಣ್ಣಿಗೂ ಬೀಳುತ್ತ... ಮೊದಮೊದಲು ನಾಚಿಕೆಯಿಂದ ಸಾಯುತ್ತಿದ್ದೆ. ಬರುಬರುತ್ತ ಓಣಿಯವರ ಪ್ರಶ್ನೆಯೇ ಬದಲಾಯಿತು. "ಇವತ್ತು ಎಷ್ಟು ಕಿಕ್ಕಿಗೆ ಬಂತು ಮಾರಾಯ್ತಿ?" ಆ ಪ್ರಶ್ನೆಗೆ ಉತ್ತರ ಹೇಳುವುದು ನನಗೂ ಖುಷಿ. ಆ ಖುಷಿಯಲ್ಲೇ ಒಂದು ಸೋಮವಾರ ಬಸ್ ಸ್ಟಾಪಿಗೆ ನಡೆದುಬಿಟ್ಟೆ. ಈಗ ಅಂಗಡಿ ನನ್ನದೇ.

ಪೊರ್ಬುಲು ತೀರಿಕೊಂಡ ಮೇಲೆ ಒಂದು ದಿನ ಬಾಯಮ್ಮನಿಗೆ ಮೀನು ಕೊಡಲು ಹೋಗಿದ್ದೆ. ಮಾತಿನ ನಡುವೆ ಅವರೇ ಹೇಳಿದರು. "ಕಿಕ್ಕು ಎಲ್ಲಿ ಬೇಕಿತ್ತು ಮಗಾ? ನಮ್ಮ ಓಣಿಯ ಇಳಿಜಾರಲ್ಲಿ ಬಿಟ್ಟು ಗೇರಿಗೆ ಹಾಕಿದ್ರೆ ತಾನಾಗಿ ಸ್ಟಾರ್ಟ್ ಆಗ್ತಿತ್ತು. ಬ್ರೆಡ್ಡು ತರ್ಲಿಕ್ಕೆ ದಿನಾ ಹಾಗೇ ಹೋಗ್ತಿದ್ರು. ಭಾನುವಾರ ಮಾತ್ರ, ಹುಡುಗಿ ಹೊರಗೆ ಬರ್ಲಿ ಅಂತ ನಿನ್ನನ್ನೇ ಕಾಯುವುದು. ನನಗೆ ಪೂಜೆಗೆ ಲೇಟಾಗ್ತಿತ್ತು!"

ಹೌದಲ್ಲ... ವಾರದ ದಿನಗಳಲ್ಲಿ ಆ ಬೈಕಿನ ಸದ್ದು ಕೆಳಗಿನ ತಿರುವಿನಿಂದಲೇ ಶುರುವಾಗುತ್ತಿತ್ತು. ಯಾಕೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಮೊನ್ನೆ ತೊಕ್ಕೊಟ್ಟಿನ ಮೆಕ್ಯಾನಿಕ್‌ಗಳು ಕೊನೆಗೆ ಬೈಕನ್ನು ದೂಡುವುದೆಂದು ತೀರ್ಮಾನಿಸಿದ್ದರು. "ದೂಡುವುದು ಬೇಡ, ಒಮ್ಮೆ ನನಗೆ ಕೊಡಿ" ಎಂದು ಸೀರೆಯ ಸೆರಗು ಸಿಕ್ಕಿಸಿ ಇಳಿದೆ. ಮುಳ್ಳು ನಡುವಿಗೆ ಬರುವವರೆಗೆ ಕಾದೆ, ತುಳಿದೆ. ಅಂಗಡಿಯ ಗಾಜು ನಡುಗಿತು.

"ಥ್ಯಾಂಕ್ಸ್ ಅಕ್ಕಾ" ಎಂದರು ಬೈಕಿನವರು. ನಾನು ಆ ಮಾತನ್ನು ಹೇಳಬೇಕಾದವರಿಗೆ ಹೇಳಲಾಗಲಿಲ್ಲ. ನನಗೆ ತಿಳಿಯುವ ಹೊತ್ತಿಗೆ ಅವರಿರಲಿಲ್ಲ. ಬೈಕು ಹೊರಟುಹೋದ ಮೇಲೂ ಸ್ವಲ್ಪ ಹೊತ್ತು ರಸ್ತೆಯಲ್ಲೇ ನಿಂತಿದ್ದೆ, ಎಲ್ಲರಿಗೂ ಕಾಣುವ ಹಾಗೆ.